ಮೇಣದಬತ್ತಿ ಟೀಚರು ಕೊಟ್ಟ ಮಾತು

ಭಾನುವಾರ ದೊಡ್ಡವರೆಲ್ಲ ಪ್ರಾರ್ಥನಾ ಮಂದಿರದ ಮುಂದಿನ ಹಾಲಿನಲ್ಲಿ ಆರಾಧನೆಗೆ ಕೂತಿರುವಾಗ ಮಕ್ಕಳ ತರಗತಿ ಹಿಂದಿನ ಉಗ್ರಾಣದ ಕೋಣೆಯಲ್ಲಿ ನಡೆಯುತ್ತದೆ. ಒಂದು ಮೂಲೆಯಲ್ಲಿ ಮುರಿದ ಕುರ್ಚಿಗಳ ರಾಶಿ, ಇನ್ನೊಂದು ಮೂಲೆಯಲ್ಲಿ ನೆಲ ಒರೆಸುವ ಬಕೆಟ್ಟು, ನಡುವೆ ಕಾಲು ಅಲ್ಲಾಡುವ ಒಂದು ಮೇಜು. ಸತ್ತು ಉರಿಯಲ್ಲಿ ಬಿದ್ದ ಐಶ್ವರ್ಯವಂತನೊಬ್ಬ, ಮೇಲೆ ಹಾಯಾಗಿರುವ ಬಡ ಲಾಜರನ ಬೆರಳ ತುದಿಯಿಂದ ಒಂದು ಹನಿ ನೀರು ಬೇಡುವ ಕಥೆ ಪಾಠಕ್ಕೆ ಬಂದ ವಾರ, ಟೀಚರು ಆ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಡುತ್ತಿದ್ದರು. ಒಬ್ಬೊಬ್ಬ ಮಗುವೂ ಮುಂದೆ ಬಂದು ತೋರುಬೆರಳನ್ನು ಜ್ವಾಲೆಯ ಮೇಲೆ, ತಾಗಿಯೂ ತಾಗದಷ್ಟು ಎತ್ತರದಲ್ಲಿ ಹಿಡಿಯಬೇಕು. ಉಳಿದವರು ಹಾಡಿನ ಒಂದೇ ಒಂದು ಸಾಲು ಹಾಡಬೇಕು. ಸಾಲು ಮುಗಿಯುವವರೆಗೆ ಬೆರಳು ಕದಲಬಾರದು. ಕದಲದ ಬೆರಳು ಇರಲೇ ಇಲ್ಲ. ಆಗ ಟೀಚರು ಮೆತ್ತಗೆ ಹೇಳುವರು: “ನೋಡಿದ್ರಾ ಮಕ್ಕಳೇ, ಒಂದು ಸಾಲಿಗೇ ಹೀಗೆ. ಅಲ್ಲಿ ಹಾಡು ಮುಗಿಯೋದೇ ಇಲ್ಲ.”

ಆಮೇಲೆ ಪ್ರತಿ ಬೆರಳಿಗೂ ತಣ್ಣೀರು ಹಾಕಿ, ಊದಿ, ಕೈಗೊಂದು ಪೆಪ್ಪರಮಿಂಟು ಕೊಡುವರು.

ನನಗೆ ಮೇಣದಬತ್ತಿಗಿಂತ ಆ ಪೆಪ್ಪರಮಿಂಟಿನ ಮೇಲೆ ಹೆಚ್ಚು ಸಿಟ್ಟು. ಯಾರೋ ದುಷ್ಟರು ಹಾಗೆ ಹೆದರಿಸಿದ್ದರೆ ಮಕ್ಕಳು ಮನೆಗೆ ಹೋಗಿ ಅತ್ತು ಕರೆದು ದೂರು ಹೇಳುತ್ತಿದ್ದವು. ಪ್ರೀತಿಯಿಂದ ಊದಿದ ಬೆರಳಿನ ಬಗ್ಗೆ ದೂರು ಹೇಳುವುದಾದರೂ ಹೇಗೆ? ಅದು ನೆಟ್ಟಗೆ ಎದೆಯೊಳಗೆ ಇಳಿದು ಅಲ್ಲೇ ಮನೆ ಮಾಡುತ್ತದೆ.

ಟೀಚರು ಎಂದರೆ ಸಂಬಳದ ಟೀಚರಲ್ಲ. ವಾರದ ಉಳಿದ ದಿನ ಅವರು ಒಂದು ವಾಣಿಜ್ಯ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಆಲ್ಟರೇಷನ್ ಮಾಡುತ್ತಾರೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಕೆಟ್ಟ ಜಿಪ್ ಕಿತ್ತು ಹೊಸದು ಕೂರಿಸುವುದು. ನನ್ನ ಎಲ್ಲ ಪ್ಯಾಂಟುಗಳೂ ಅವರ ಕೈ ದಾಟಿಯೇ ನನ್ನ ಕಾಲಿಗೆ ಬಂದವು. ಗಿರಾಕಿ ನಿಂತಿದ್ದಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ. ಗಂಡ ಬಹಳ ಹಿಂದೆಯೇ ತೀರಿಕೊಂಡರು. ಮಗಳು ಬೇಕರಿಯಲ್ಲಿ ಬೆಳಗಿನ ಪಾಳಿಯ ಕೆಲಸಗಾರ್ತಿ. ಅಳಿಯ ಲಿಫ್ಟ್ ಮೆಕ್ಯಾನಿಕ್. ಒಬ್ಬಳೇ ಮೊಮ್ಮಗಳು, ಮನೆಯಲ್ಲಿ ಎಲ್ಲರೂ ಅವಳನ್ನು ಮರಿ ಎನ್ನುತ್ತಾರೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ವರೂ ಒಟ್ಟಿಗೆ.

ಈ ಅಳಿಯ ದೇವರನ್ನು ನಂಬುತ್ತಿರಲಿಲ್ಲ. ಜಗಳಕ್ಕೂ ಬರುತ್ತಿರಲಿಲ್ಲ. ಭಾನುವಾರ ಹೆಂಡತಿ, ಮಗಳು, ಅತ್ತೆ ಮೂವರನ್ನೂ ಪ್ರಾರ್ಥನಾ ಮಂದಿರದ ಬಾಗಿಲಿಗೆ ಬಿಟ್ಟು, ಹೊರಗೆ ಸ್ಕೂಟರಿನ ಮೇಲೆ ಕೂತು ಪೇಪರು ಓದುತ್ತಿದ್ದ. ಅತ್ತೆ ಎಷ್ಟು ಹೇಳಿದರೂ ಅವನದು ತಮಾಷೆಯೇ. “ಅತ್ತೆ, ನೀವು ಮೇಲೆ ಹೋಗಿ. ನಾನು ಕೆಳಗಿನ ಲಿಫ್ಟ್ ನೋಡ್ಕೋತೀನಿ. ಅಷ್ಟು ಜನ ಇಳೀತಾರೆ ಅಂದ್ಮೇಲೆ ಅಲ್ಲೂ ಮೇಂಟೆನೆನ್ಸ್ ಬೇಕಲ್ವಾ?” ಟೀಚರು ನಗು ತಡೆದುಕೊಂಡು ಬೈಯುತ್ತಿದ್ದರು, ಬೈದ ಮೇಲೆ ಅವನಿಗಾಗಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಸ್ವಂತ ಮಗನಿದ್ದರೂ ಅಷ್ಟು ಹಚ್ಚಿಕೊಳ್ಳುತ್ತಿದ್ದರೋ ಇಲ್ಲವೋ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು, ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲ ಮುಗಿದಿತ್ತು.

ಮಣ್ಣು ಮಾಡುವಾಗ ಪಾಸ್ಟರು ಬಂದರು. ಸಭ್ಯ ಮನುಷ್ಯ, ಚಿಕ್ಕ ವಯಸ್ಸು, ತೂಗಿ ಅಳೆದು ಮಾತಾಡುವವರು. ಹೆಂಡತಿಗೆ ಧೈರ್ಯ ಕೊಡಲೆಂದು ಪ್ರಾರ್ಥಿಸಿದರು, ಮಗುವಿಗೆ ಆಸರೆಯಾಗಲೆಂದು ಪ್ರಾರ್ಥಿಸಿದರು, ಅತ್ತೆಗೆ, ನೆರೆಯವರಿಗೆ, ಅವನ ಜೊತೆ ಕೆಲಸ ಮಾಡಿದವರಿಗೆ, ಎಲ್ಲರಿಗೂ. ಪೆಟ್ಟಿಗೆಯಲ್ಲಿದ್ದವನಿಗೆ ಮಾತ್ರ ಒಂದು ಮಾತಿಲ್ಲ. ಆ ಸಭೆಯ ಪದ್ಧತಿಯೇ ಹಾಗೆ: ವಿಶ್ವಾಸಿಯಾದರೆ ಕರ್ತನ ಬಳಿ ಸೇರಿದ ಎನ್ನುತ್ತಾರೆ, ಅಲ್ಲದಿದ್ದರೆ ಬದುಕಿರುವವರ ಸುತ್ತಲೇ ಮಾತು ಸುತ್ತಿಸಿ ಆಮೆನ್ ಹೇಳುತ್ತಾರೆ. ಅಳುವ ಗದ್ದಲದಲ್ಲಿ ದೊಡ್ಡವರಾರೂ ಗಮನಿಸಲಿಲ್ಲ. ಮರಿ ಗಮನಿಸಿದಳು. ಯಾರನ್ನೂ ಏನೂ ಕೇಳಲಿಲ್ಲ. ಕೇಳುವಂಥದ್ದು ಏನಿತ್ತು? ಅವಳಿಗೆ ಪಾಠ ಚೆನ್ನಾಗಿ ಬರುತ್ತಿತ್ತು.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಬೇಕರಿಯಿಂದ ಮನೆಗೆ ಬಂದ ಮಗಳಿಗೆ ಅಡುಗೆಮನೆಯಿಂದ ಹಾಡು ಕೇಳಿಸಿತು. ಮಗು ಗೆಲುವಾಗಿದ್ದಾಳೆ ಎಂದು ಒಂದು ಕ್ಷಣ ಜೀವಕ್ಕೆ ತಂಪಾಯಿತಂತೆ. ಆದರೆ ಹಾಡು ಒಂದೇ ಸಾಲಿನಲ್ಲಿ ಸುತ್ತುತ್ತಿತ್ತು, ನಡುವೆ ಉಸಿರು ಕಡಿಯುತ್ತಿತ್ತು. ಹೋಗಿ ನೋಡಿದರೆ ಮರಿ ಸ್ಟೂಲಿನ ಮೇಲೆ ನಿಂತಿದ್ದಾಳೆ, ಸ್ಟವ್ ಉರಿಯುತ್ತಿದೆ, ಅಂಗೈ ಅದರ ಮೇಲಿದೆ.

ಎಳೆದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಹಳೆಯ ಬೊಬ್ಬೆಗಳು ಒಣಗಿದ ಗುರುತುಗಳೂ ಅಲ್ಲಿದ್ದವು. ತಾಯಿ ಕೇಳಿದ್ದಕ್ಕೆ ಅವಳು ಹೋಮ್‌ವರ್ಕಿನ ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದಳು: “ಅಪ್ಪಂಗೆ ಎಷ್ಟು ನೋಯುತ್ತೆ ಅಂತ ನೋಡ್ತಿದ್ದೆ ಅಮ್ಮಾ. ನಾನು ಸ್ವಲ್ಪ ತಗೊಂಡ್ರೆ ಅಪ್ಪಂಗೆ ಅಷ್ಟು ಕಮ್ಮಿ ಆಗುತ್ತೇನೋ ಅಂತ.”

ಸಂಜೆ ಟೀಚರು ಮನೆಗೆ ಬಂದಾಗ ಮಗಳು ಕೂಗಾಡಲಿಲ್ಲ. ಮಗುವಿನ ಕೈಯನ್ನು ಎತ್ತಿ ಅಮ್ಮನ ಮುಖದೆದುರು ಹಿಡಿದಳು. “ನೋಡಮ್ಮ. ನೀನು ಕಲಿಸಿದ್ದು ಎಷ್ಟು ಚೆನ್ನಾಗಿ ಕಲಿತಿದ್ದಾಳೆ ನೋಡು.”

ಬೆಂಕಿಪೊಟ್ಟಣ, ಲೈಟರು ಎಲ್ಲ ಬೀರು ಸೇರಿದವು. ಸಿಲಿಂಡರಿನ ರೆಗ್ಯುಲೇಟರನ್ನೇ ಕಿತ್ತು ಮಗಳು ಕೆಲಸಕ್ಕೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮರಿಯನ್ನು ಟೀಚರು ತಮ್ಮ ಅಂಗಡಿಯಲ್ಲೇ ಕಣ್ಣೆದುರು ಕೂರಿಸಿಕೊಂಡರು. ಅಲ್ಲಿ ಇಸ್ತ್ರಿಪೆಟ್ಟಿಗೆ ಇದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಗಿರಾಕಿಯ ಕಾಲಬುಡದಲ್ಲಿ ಕೂತು ಅಳತೆಗೆ ಗುಂಡುಸೂಜಿ ಚುಚ್ಚುತ್ತಿದ್ದ ಟೀಚರಿಗೆ ಹಿಂದಿನಿಂದ ಆ ಸಾಲು ಕೇಳಿಸಿತು. ಸೂಜಿ ಗಿರಾಕಿಯ ಕಾಲಿಗೇ ಚುಚ್ಚಿತು. ತಿರುಗುವಷ್ಟರಲ್ಲಿ ಮಗುವಿನ ಎರಡು ಬೆರಳು ಇಸ್ತ್ರಿಗೆ ಅಂಟಿ ಸುಟ್ಟಿದ್ದವು. ಅವಳು ಅಳುತ್ತಿರಲಿಲ್ಲ. ಪಟ್ಟಿ ಕಟ್ಟಿದ ವೈದ್ಯೆ ಗದರಿದರು. ಇದು ಹೀಗೇ ಮುಂದುವರಿದರೆ ಕೈ ಉಳಿಯುವುದಿಲ್ಲ, ಕೈಯಲ್ಲ, ಹುಡುಗಿಯೇ ಉಳಿಯುವುದಿಲ್ಲ ಎಂದರು. ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಬರೆದುಕೊಟ್ಟರು. ಆ ಡಾಕ್ಟರು, ಒಳ್ಳೆಯ ಹೆಣ್ಣುಮಗಳು ಪಾಪ, ಮರಿಯನ್ನು ಮಾತಾಡಿಸಿ, ಚಿತ್ರ ಬರೆಸಿ, ಕೊನೆಗೆ ಟೀಚರ ಕಡೆ ತಿರುಗಿ ಅಂದರಂತೆ: ಇವಳಿಗೆ ಹುಚ್ಚಲ್ಲ, ಇವಳು ನೀವು ಹೇಳಿದ್ದನ್ನು ನಂಬಿದ್ದಾಳೆ, ಅಷ್ಟೆ.

ಟೀಚರು ಪಾಸ್ಟರ ಬಳಿ ಓಡಿದರು. ಪಾಸ್ಟರಿಗೂ ಸಂಕಟವಾಯಿತು, ಇಲ್ಲವೆನ್ನುವುದಿಲ್ಲ. ಮಗುವಿಗಾಗಿ ಪ್ರಾರ್ಥಿಸೋಣ ಎಂದರು. ದೇವರ ತೀರ್ಪು ದೇವರಿಗೇ ಗೊತ್ತು ಎಂದು ಅವಳಿಗೆ ಹೇಳಿ ಎಂದರು. ಟೀಚರು ಬಿಡಲಿಲ್ಲ. ಅವಳು ಕೇಳುವುದು ಒಂದೇ ಪ್ರಶ್ನೆ, ಅಪ್ಪ ಅಲ್ಲಿದ್ದಾನೋ ಇಲ್ಲವೋ, ಅದಕ್ಕೆ ಏನು ಹೇಳಲಿ ಎಂದರು. ಪಾಸ್ಟರು ಮೇಜಿನ ಮೇಲಿನ ಪೆನ್ನನ್ನು ಸರಿಯಾಗಿ ಇಟ್ಟು, ಮತ್ತೆ ಸರಿಯಾಗಿ ಇಟ್ಟು ಹೇಳಿದರು: “ಟೀಚರ್, ಸಮಾಧಾನಕ್ಕೆ ಅಂತ ಸುಳ್ಳು ಹೇಳೋಕಾಗಲ್ಲ. ಸತ್ಯವೇದ ಈ ವಿಷಯದಲ್ಲಿ ಸ್ಪಷ್ಟವಾಗಿದೆ.”

ಸ್ಪಷ್ಟವಾಗಿದೆಯೆ? ಇಷ್ಟು ವರ್ಷ ಕಲಿಸಿದ ಟೀಚರಿಗೆ ಆವತ್ತು ಮೊದಲ ಬಾರಿ ಅನುಮಾನ ಬಂತು. ಅವರು ಓದಿದ್ದು ಪಾಠಪುಸ್ತಕ ತೋರಿಸಿದ ವಾಕ್ಯಗಳನ್ನು ಮಾತ್ರ. ಈಗ ಮೊದಲ ಪುಟದಿಂದ ಶುರು ಮಾಡಿದರು. ದಾರದ ಉಂಡೆಗಳ ಡ್ರಾಯರಿನಲ್ಲಿ ಪುಸ್ತಕ ಇಟ್ಟುಕೊಂಡು, ಒಂದು ಜಿಪ್ಪಿಗೂ ಇನ್ನೊಂದು ಜಿಪ್ಪಿಗೂ ನಡುವೆ ಓದಿದರು. ಓದಿದ್ದನ್ನು ನನ್ನ ಪ್ಯಾಂಟಿನ ಅಳತೆ ತೆಗೆಯುತ್ತ ನನಗೆ ಹೇಳುತ್ತಿದ್ದರು. ನಾನೂ ಮನೆಗೆ ಹೋಗಿ ತೆರೆದು ನೋಡಿದೆ. ಅವರು ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ.

ಆದಾಮನಿಗೆ ದೇವರು ಹೇಳಿದ್ದು ಮಣ್ಣಿಗೆ ಸೇರುತ್ತೀಯ ಎಂದು, ಉರಿಯುತ್ತೀಯ ಎಂದಲ್ಲ. ಒಡಹುಟ್ಟಿದವನನ್ನೇ ಕೊಂದ ಕಾಯಿನನಿಗೂ ಆ ಬೆದರಿಕೆ ಇಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಪುಟಗಟ್ಟಲೆ ಶಾಪಗಳಿವೆ: ಬರ, ಹುಣ್ಣು, ಜ್ವರ, ಸೋಲು, ಗಡೀಪಾರು. ಎಲ್ಲವೂ ಬದುಕಿರುವಾಗಲೇ. ಸತ್ತ ಮೇಲಿನ ಬೆಂಕಿಯ ಸೊಲ್ಲೇ ಇಲ್ಲ. ಇಡೀ ಜನಾಂಗಕ್ಕೆ ಏನು ತಿನ್ನಬಾರದು ಎಂದು ಸಣ್ಣ ಹುಳದವರೆಗೆ ಹೇಳಿಕೊಟ್ಟ ದೇವರು, ಮುಗಿಯದ ಬೆಂಕಿಯೊಂದು ಕಾದಿದೆ ಎಂಬುದನ್ನು ಹೇಳಲು ಮರೆತನೇ? ಸತ್ತವರು ಒಳ್ಳೆಯವರೂ ಕೆಟ್ಟವರೂ ಒಂದೇ ಪಾತಾಳಕ್ಕೆ ಇಳಿಯುತ್ತಾರೆ. ನೋವು ತಾಳಲಾರದ ಯೋಬ, ನನ್ನನ್ನು ಅಲ್ಲಿ ಅಡಗಿಸಿಡು ಎಂದು ದೇವರನ್ನೇ ಬೇಡುತ್ತಾನೆ. ಉರಿಯುವ ಜಾಗದಲ್ಲಿ ಯಾರಾದರೂ ವಿಶ್ರಾಂತಿ ಕೇಳುತ್ತಾರೆಯೇ? ಸತ್ತವರಿಗೆ ಏನೂ ತಿಳಿಯದು ಎಂದು ಪ್ರಸಂಗಿ ಎಂಬ ಜ್ಞಾನಿ ನೇರವಾಗಿಯೇ ಹೇಳಿಬಿಡುತ್ತಾನೆ.

ಆದರೆ ಟೀಚರು ತಮಗೆ ತಾವೇ ಮೋಸ ಮಾಡಿಕೊಳ್ಳುವವರಲ್ಲ. ಯೇಸುವಿನ ಬಾಯಲ್ಲಿ ಬೆಂಕಿ ಇದೆ. ಆರದ ಬೆಂಕಿ, ನಿತ್ಯವಾದ ಬೆಂಕಿ. ಕೊನೆಯ ಪುಸ್ತಕದಲ್ಲಿ ಬೆಂಕಿಯ ಕೆರೆಯೇ ಇದೆ. ಅದನ್ನು ಓದಿದ ದಿನ ಅವರ ಮುಖ ಬಿಳುಚಿಕೊಂಡಿತ್ತು. ಮರುದಿನ ಮತ್ತೆ ಓದಿದರು. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಕೊನೆಯ ದಿನ ಜನರನ್ನು ಬೇರೆ ಮಾಡುವ ಯೇಸುವಿನ ಮಾತಿನಲ್ಲಿ ಬೆಂಕಿಗೆ ಹೋಗುವವರು ಯಾರು? ನಂಬದವರು ಎಂದಿಲ್ಲ. ಹಸಿದವನಿಗೆ ಅನ್ನ ಕೊಡದವರು, ಬಾಯಾರಿದವನಿಗೆ ನೀರು ಕೊಡದವರು. ಲಿಫ್ಟ್ ಕೆಟ್ಟ ದಿನಗಳಲ್ಲಿ ಮೇಲಿನ ಮಹಡಿಯ ಮುದುಕರಿಗೆ ನೀರಿನ ಕ್ಯಾನನ್ನು ಹೆಗಲ ಮೇಲೆ ಹೊತ್ತು ಮುಟ್ಟಿಸುತ್ತಿದ್ದ ಅಳಿಯ ಅವರ ಕಣ್ಣಮುಂದೆ ಬಂದ. “ಈ ಪ್ರಕಾರ ನೋಡಿದ್ರೆ ಅವನು ಪಾಸು. ಪಾಸ್ಟರ್ ಕತೆ ಏನೋ ಗೊತ್ತಿಲ್ಲ,” ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಅವರನ್ನು ಕೆಡವಿದ್ದು ಯೆರೆಮೀಯನ ಪುಸ್ತಕ. ಯೇಸು ನರಕಕ್ಕೆ ಬಳಸಿದ ಹೆಸರು ಪಟ್ಟಣದ ಹೊರಗಿನ ಒಂದು ನಿಜವಾದ ಕಣಿವೆಯದು ಎಂದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಿತ್ತು. ಆ ಕಣಿವೆಯಲ್ಲಿ ಹಿಂದೆ ಏನು ನಡೆಯುತ್ತಿತ್ತು ಎಂದು ಹುಡುಕಿಕೊಂಡು ಹೋದರು. ಅಲ್ಲಿ ತಂದೆತಾಯಂದಿರು ತಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ದೇವರ ಹೆಸರಿನಲ್ಲಿ ಬೆಂಕಿಗೆ ಕೊಡುತ್ತಿದ್ದರು. ಅದಕ್ಕೆ ದೇವರು ಹೇಳುವುದು: ಇದನ್ನು ನಾನು ಹೇಳಿರಲಿಲ್ಲ, ಇಂಥದ್ದು ನನ್ನ ಮನಸ್ಸಿಗೇ ಬಂದಿರಲಿಲ್ಲ.

ಟೀಚರು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟರು. ಪ್ಯಾಂಟು ಒಯ್ಯಲು ಬಂದ ನಾನು ಹಾಗೇ ನಿಂತಿದ್ದೆ. ತಲೆ ಎತ್ತದೆಯೇ ಅಂದರು: “ದೇವರ ಮನಸ್ಸಿಗೂ ಬರದೇ ಇದ್ದದ್ದು ನನ್ನ ಮನಸ್ಸಿಗೆ ಬಂತಲ್ಲಪ್ಪಾ.”

ಈ ಲೇಖನ ಓದುವ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ವಾಕ್ಯಕ್ಕೆ ವಾಕ್ಯ ಎತ್ತಿ ತೋರಿಸಿ ವಾದ ಮಾಡಲು ನನಗೂ ಬರುತ್ತದೆ. ನಾನು ಕೇಳುವುದು ಇಷ್ಟೇ: ನಿಮ್ಮದೇ ಪುಸ್ತಕದಲ್ಲಿ ಇಷ್ಟು ಮೌನ, ಇಷ್ಟು ಒಳಜಗಳ ಇರುವ ಒಂದು ವಿಷಯವನ್ನು, ಎರಡೂ ಎರಡೂ ನಾಲ್ಕು ಎನ್ನುವಷ್ಟು ಗಟ್ಟಿಯಾಗಿ ಹಾಲುಹಲ್ಲಿನ ಮಕ್ಕಳಿಗೆ ಹೇಳಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಪಂಡಿತರು ತಮ್ಮ ಅನುಮಾನವನ್ನು ಗ್ರಂಥಾಲಯದಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಉಗ್ರಾಣದ ಕೋಣೆಗೆ ಇಳಿದು ಬರುವುದು ಬೆಂಕಿ ಮಾತ್ರ.

ಮರುದಿನ ಮಧ್ಯಾಹ್ನ ಟೀಚರು ಮರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಅಜ್ಜಿ ತಪ್ಪು ಕಲಿಸಿದಳು, ಪುಸ್ತಕದಲ್ಲಿ ಹಾಗಿಲ್ಲ, ಮುಗಿಯದ ಹಾಡೂ ಇಲ್ಲ, ಮುಗಿಯದ ಬೆಂಕಿಯೂ ಇಲ್ಲ, ಅಪ್ಪ ಎಲ್ಲೂ ಉರಿಯುತ್ತಿಲ್ಲ, ನಿದ್ದೆ ಮಾಡುತ್ತಿದ್ದಾನೆ. ಮಗು ಕೇಳಿಸಿಕೊಂಡಿತು. ಕೇಳಿಸಿಕೊಳ್ಳುತ್ತಲೇ ಬೆಂಚಿನ ಮೇಲೆ ಸ್ವಲ್ಪ ಸ್ವಲ್ಪವೇ ದೂರ ಸರಿಯಿತು. ಅಜ್ಜಿಯ ಮುಖವನ್ನು, ಬೇರೆ ಯಾರೋ ಅಜ್ಜಿಯ ವೇಷ ಹಾಕಿಕೊಂಡು ಬಂದ ಹಾಗೆ ನೋಡಿತು.

“ನರಕ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದು ಸೈತಾನ ಮಾತಾಡೋದು ಅಂತ ನೀನೇ ಹೇಳಿದ್ದೆ. ನಮಗೆ ತುಂಬ ಇಷ್ಟ ಆದವರ ಬಾಯಿಂದಾನೇ ಹೇಳಿಸ್ತಾನೆ ಅಂತಾನೂ ಹೇಳಿದ್ದೆ.”

ಹೇಳಿದ್ದು ಹೌದು. ಮೇಣದಬತ್ತಿಯ ಮುಂದಿನ ವಾರದ ಪಾಠವೇ ಅದು. ಬಾಗಿಲು ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಬಾವಿಗೆ ಎಸೆಯುವುದನ್ನೂ ಸೇರಿಸಿಯೇ ಪಾಠ ಮಾಡಿದ್ದರು. ಆ ದಿನ ಮರಿ ಅಜ್ಜಿಯ ಕೈಯಿಂದ ನೀರು ಕೂಡ ಕುಡಿಯಲಿಲ್ಲ.

ಭಾನುವಾರ ಟೀಚರು ತರಗತಿಗೆ ಹೋಗಿ ಉಳಿದ ಮಕ್ಕಳಿಗೂ ಹಾಗೇ ಹೇಳಿದರು. ಒಬ್ಬ ಹುಡುಗಿ ಜೋರಾಗಿ ಅತ್ತಳು. ಒಬ್ಬ ಹುಡುಗ ಮುಂದಿನ ಹಾಲಿಗೆ ಓಡಿಹೋಗಿ ತನ್ನ ತಾಯಿಗೆ ಹೇಳಿದ. ಆರಾಧನೆ ಮುಗಿಯುವ ಮೊದಲೇ ಪಾಸ್ಟರು ಬಂದು, ಬಹಳ ಗೌರವದಿಂದ, ಟೀಚರಿಗೆ ಮನಸ್ಸು ಸರಿಯಿಲ್ಲ, ವಿಶ್ರಾಂತಿ ಬೇಕು ಎಂದು ತರಗತಿಯನ್ನು ಬೇರೆಯವರಿಗೆ ವಹಿಸಿದರು. ಇಷ್ಟು ವರ್ಷ ಹೆದರಿಸಿದ್ದಕ್ಕೆ ಯಾರೂ ತೆಗೆದುಹಾಕಿರಲಿಲ್ಲ. ಒಂದು ಬೆಳಿಗ್ಗೆ ಧೈರ್ಯ ಹೇಳಿದ್ದಕ್ಕೆ ಕೆಲಸ ಹೋಯಿತು.

ಅದೇ ವಾರ ಮರಿ ಪಟ್ಟಿಯಿಲ್ಲದ ಇನ್ನೊಂದು ಕೈಯನ್ನೂ ಸುಟ್ಟುಕೊಂಡಳು. ಶಾಲೆಯ ಹತ್ತಿರದ ಚಹಾದ ಗಾಡಿಯಲ್ಲಿ, ಯಾರೂ ನೋಡದಾಗ ಕುದಿಯುವ ಪಾತ್ರೆಯ ಅಂಚು ಹಿಡಿದುಬಿಟ್ಟಿದ್ದಳು. ಚಹಾದವನು ಅಳುತ್ತ ಟೀಚರ ಅಂಗಡಿಗೆ ಎತ್ತಿಕೊಂಡು ಬಂದಿದ್ದ. ಬೇಕರಿಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದ ಮಗಳು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ನನಗೆ ಇವಳೂ ಉಳಿಯಲ್ಲ ಬಿಡಮ್ಮಾ ಎಂದಳಷ್ಟೆ.

ಆಗ ಟೀಚರು ಮೊಮ್ಮಗಳ ಮುಂದೆ ಕೂತರು. ಗಿರಾಕಿಯ ಕಾಲಬುಡದಲ್ಲಿ ಕೂರುವ ಹಾಗೇ, ನೆಲದ ಮೇಲೆ. ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡ ಮಗು ಬೆಂಚಿನ ಮೇಲಿತ್ತು.

“ಮರೀ, ನರಕ ಇಲ್ಲ ಅಂತ ನಾನು ಹೇಳಲ್ಲ. ಇದೆ ಅಂತಾನೇ ಇಟ್ಕೋ. ಅಪ್ಪ ಅಲ್ಲೇ ಇದ್ದಾನೆ ಅಂತಾನೇ ಇಟ್ಕೋ. ನಾನು ಅಲ್ಲಿಗೆ ಹೋಗ್ತೀನಿ.”

ಮಗು ಮೊದಲ ಬಾರಿ ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟಿತು. “ನಿನ್ನನ್ನ ಅಲ್ಲಿಗೆ ಬಿಡಲ್ಲ. ನೀನು ವಿಶ್ವಾಸಿ.”

“ನಂಗೆ ಸ್ವರ್ಗ ಬೇಡ ಅಂತೀನಿ. ಬೇಡ ಅಂದವರನ್ನ ಎಳ್ಕೊಂಡು ಹೋಗ್ತಾರಾ?”

“ಲಾಜರನ ಕಥೆಯಲ್ಲಿ ನಡುವೆ ದೊಡ್ಡ ಕಂದಕ ಇದೆಯಲ್ಲ? ಆ ಕಡೆಯಿಂದ ಈ ಕಡೆ ದಾಟೋಕಾಗಲ್ಲ.”

“ಅದು ಮೇಲಿರೋರಿಗೆ. ನಾನು ಮೇಲೆ ಹೋಗೋದೇ ಇಲ್ಲ. ಇಲ್ಲಿಂದ ನೇರ ಅಲ್ಲಿಗೇ.”

ಮಗು ಯೋಚಿಸಿತು. “ನೀರು ತಗೊಂಡು ಹೋಗ್ತೀಯಾ?”

“ಬಾಟ್ಲು ತುಂಬ.”

“ಫ್ರಿಜ್ಜಿಂದು?”

“ಫ್ರಿಜ್ಜಿಂದೇ. ಇಬ್ಬರೂ ಕುಡೀತೀವಿ. ಅಪ್ಪ ಒಬ್ಬನೇ ಇರಲ್ಲ. ಆದ್ರೆ ನಾನು ಹೋಗ್ಬೇಕಾದ್ರೆ ನೀನು ಕೈ ಸುಟ್ಕೋಬಾರದು. ಅದು ನನ್ನ ಪಾಲಿನ ಕೆಲಸ. ಇನ್ಮೇಲೆ ನಿಂದಲ್ಲ.”

ಮಗು ಪಟ್ಟಿ ಕಟ್ಟಿದ ಕೈಗಳನ್ನು ಅಜ್ಜಿಯ ಕುತ್ತಿಗೆಗೆ ಹಾಕಿ ಅತ್ತಿತು. ಅಪ್ಪ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ತನ್ನ ಜನರನ್ನು ಕ್ಷಮಿಸದಿದ್ದರೆ ನನ್ನ ಹೆಸರನ್ನೂ ಅಳಿಸಿಬಿಡು ಎಂದು ಮೋಶೆ ದೇವರಿಗೇ ಹೇಳಿದ್ದನಂತೆ. ಪೌಲನೂ ತನ್ನ ಸಹೋದರರಿಗಾಗಿ ಶಾಪಗ್ರಸ್ತನಾಗಲು ಸಿದ್ಧನಿದ್ದನಂತೆ. ಅವರನ್ನು ಸಂತರೆಂದು ಕೊಂಡಾಡುತ್ತಾರೆ. ಈ ಹೆಂಗಸನ್ನು ಸಭೆಯಲ್ಲಿ ಈಗ ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಪಕ್ಕದ ಕುರ್ಚಿ ಖಾಲಿ ಬಿಡುತ್ತಾರೆ.

ಮಗುವನ್ನು ಸುಮ್ಮನಿರಿಸಲು ಆಡಿದ ಮಾತು ಅದು ಎಂದು ನಾನು ಅಂದುಕೊಂಡಿದ್ದೆ. ಒಂದು ದಿನ ಹಾಗೇ ಅಂದೆ ಕೂಡ. ನೀವೇ ಓದಿ ನೋಡಿದ್ದೀರಿ, ಅಂಥ ಜಾಗವೇ ಇಲ್ಲವೆಂದು ನಿಮಗೆ ಗೊತ್ತು, ಮತ್ತೇಕೆ ಮುಖ ಬಾಡಿಸಿಕೊಂಡಿದ್ದೀರಿ ಎಂದೆ. ಅವರು ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

“ಓದಿದ್ದು ಮೊನ್ನೆ ಮೊನ್ನೆ ತಾನೇ. ಭಯ ನಂಗೆ ಅವಳಷ್ಟಿದ್ದಾಗಲೇ ಬಂದು ಕೂತಿದ್ದು. ದಿನಾ ಬೆಳಿಗ್ಗೆ ಎದ್ದಾಗ ಇಲ್ಲ ಅನ್ಸುತ್ತೆ. ಮಧ್ಯಾಹ್ನದ ಹೊತ್ತಿಗೆ ಇದೆ ಅನ್ಸುತ್ತೆ. ಇದ್ರೆ, ನಾನು ಅಲ್ಲಿಗೇ ಹೋಗ್ಬೇಕು. ಮಾತು ಕೊಟ್ಟಾಗಿದೆ.”

ಪ್ರಾರ್ಥನೆಯನ್ನೂ ನಿಲ್ಲಿಸಿದ್ದಾರೆ. ಪ್ರಾರ್ಥಿಸಿದರೆ ಎಲ್ಲಿ ದೇವರು ಕರುಣೆ ತೋರಿಸಿ ಮೇಲಕ್ಕೆ ಕರೆದುಕೊಂಡುಬಿಡುತ್ತಾನೋ, ಅಲ್ಲಿ ಅಳಿಯ ಒಬ್ಬನೇ ಆಗುತ್ತಾನೋ ಎಂಬ ಹೆದರಿಕೆ.

ಮರಿಯ ಕೈ ಒಣಗುತ್ತಿದೆ. ಹೊಸ ಗಾಯ ಆಗಿಲ್ಲ. ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ. ಮೊನ್ನೆ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗ ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು ಬಂದಳು. ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಕೊಂಚವೂ ಕೆಟ್ಟದ್ದಿರಲಿಲ್ಲ. ಬಸ್ಸು ಇನ್ನೂ ಬರಲಿಲ್ಲವಲ್ಲ ಎಂದು ರಸ್ತೆ ನೋಡುವವರ ನೋಟ ಅದು.

“ಅಜ್ಜಿ, ಇನ್ನೂ ಹೋಗಲ್ವಾ? ಅಪ್ಪ ಕಾಯ್ತಿರ್ತಾನೆ.”

ಟೀಚರು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. “ಹೋಗ್ತೀನಿ ಮರೀ,” ಎಂದರು. “ಇವತ್ತು ಇವರ ಪ್ಯಾಂಟು ಬಾಕಿ ಇದೆ.”